ದೆಹಲಿಯಾಚೆ ಮೂರೇ ತಾಸು: ನೀಲಿ ಗುಮ್ಮಟಗಳ ಉಜ್ಬೇಕಿಸ್ತಾನ!

ಒಮ್ಮೆ ಭೂಪಟ ಬಿಡಿಸಿ ನೋಡಿ. ಬೆಂಗಳೂರಿನಿಂದ ದೆಹಲಿಗೆ ನೇರ ಗೆರೆ ಎಳೆದರೆ 1,700 ಕಿಲೋಮೀಟರ್ ದಾಟುತ್ತದೆ. ಅದೇ ದೆಹಲಿಯಿಂದ ತಾಷ್ಕೆಂಟ್‌ಗೆ ಎಳೆಯಿರಿ: 1,600 ಕೂಡ ಆಗುವುದಿಲ್ಲ! ನಾವು ರಾಜಧಾನಿಗೆ ಹೋಗುವಷ್ಟು ದೂರವನ್ನೇ ಇನ್ನೊಮ್ಮೆ ಹಾರಿದರೆ ಸಾಕು, ಇಳಿಯುವುದು ತೈಮೂರನ ನಾಡಿನಲ್ಲಿ, ಬಾಬರನ ತವರಿನಲ್ಲಿ, ರೇಷ್ಮೆ ದಾರಿಯ ನಟ್ಟನಡುವೆ. ಕೈಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕಾದದ್ದು ಬರೀ ಅರ್ಧ ತಾಸು. ದುಬೈ, ಬಾಲಿ, ಸಿಂಗಪುರ ಎಂದು ವರ್ಷಕ್ಕೊಮ್ಮೆ ಪೆಟ್ಟಿಗೆ ಕಟ್ಟುವ ನಮಗೆ ಈ ಪಕ್ಕದ ಮನೆ ಇಷ್ಟು ದಿನ ಕಾಣಿಸದೇ ಹೋದದ್ದಾದರೂ ಹೇಗೆ?

ಕಾರಣ ಇದೆ. ನಡುವೆ ಹಿಂದೂಕುಷ್, ಪಾಮಿರ್ ಪರ್ವತಗಳು ಗೋಡೆ ಕಟ್ಟಿ ನಿಂತಿವೆ. 1991ರವರೆಗೆ ಅದು ಸೋವಿಯತ್ ಒಕ್ಕೂಟದ ಒಳಗಿತ್ತು. ಸ್ವತಂತ್ರವಾದ ಮೇಲೂ ಎರಡೂವರೆ ದಶಕ ಬಾಗಿಲು ಅರ್ಧ ಮುಚ್ಚಿಕೊಂಡೇ ಇತ್ತು. ಸಮುದ್ರ ಮುಟ್ಟಬೇಕೆಂದರೆ ಇಲ್ಲಿನವರು ಕನಿಷ್ಠ ಎರಡು ದೇಶ ದಾಟಬೇಕು. ಜಗತ್ತಿನಲ್ಲಿ ಇಂಥ ಸ್ಥಿತಿ ಇರುವುದು ಎರಡೇ ದೇಶಗಳಿಗೆ, ಇನ್ನೊಂದು ಯುರೋಪಿನ ಪುಟಾಣಿ ಲಿಕ್ಟೆನ್‌ಸ್ಟೈನ್. ಅಂಥ ಮೂಲೆಯ ನಾಡು ಈಗ ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಬನ್ನಿ ಎನ್ನುತ್ತಿದೆ. ಒಳಗೆ ಏನಿದೆ ಎಂದು ನೋಡಿದವರು ಬಾಯ್ತೆರೆದು ನಿಲ್ಲುತ್ತಾರೆ!

ಮನೆಯಲ್ಲೇ ಕುಳಿತು ವೀಸಾ

ಮೊದಲ ಬೆರಗು ಇಲ್ಲಿಂದಲೇ ಶುರು. ಉಜ್ಬೇಕಿಸ್ತಾನದ ವೀಸಾಕ್ಕೆ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ, ಬ್ಯಾಂಕ್ ಪುಟಗಳ ಕಟ್ಟು ಹೊರಬೇಕಿಲ್ಲ, ಸಂದರ್ಶನಕ್ಕೆ ಕಾಯಬೇಕಿಲ್ಲ. 2018ರಲ್ಲಿ ಶುರುವಾದ ಇ-ವೀಸಾ ವ್ಯವಸ್ಥೆ ಭಾರತೀಯರಿಗೂ ಇದೆ. ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಪಾಸ್‌ಪೋರ್ಟ್ ಪುಟ, ಒಂದು ಭಾವಚಿತ್ರ ಏರಿಸಿ, ಕಾರ್ಡಿನಲ್ಲಿ ಹಣ ಕಟ್ಟಿದರೆ ಮೂರು ಕೆಲಸದ ದಿನಗಳಲ್ಲಿ ವೀಸಾ ಇಮೇಲ್‌ಗೆ ಬಂದು ಬೀಳುತ್ತದೆ. ಒಮ್ಮೆ ಪ್ರವೇಶಿಸಿ 30 ದಿನ ಇರಬಹುದಾದ ವೀಸಾಕ್ಕೆ 20 ಡಾಲರ್. ಯುರೋಪಿನ ಷೆಂಗೆನ್ ವೀಸಾಕ್ಕೆ 90 ಯೂರೋ ಕಟ್ಟಿ, ತಿಂಗಳುಗಟ್ಟಲೆ ದಿನ ಎಣಿಸಿದವರಿಗೆ ಇದು ನಂಬುವ ಮಾತೇ ಅಲ್ಲ!

ಒಂದೇ ಎಚ್ಚರ. ಅಧಿಕೃತ ತಾಣದಂತೆಯೇ ಕಾಣುವ ದಳ್ಳಾಳಿ ತಾಣಗಳು ಅಂತರ್ಜಾಲದಲ್ಲಿ ಸಾಕಷ್ಟಿವೆ, ಅವು ಇದೇ ಕೆಲಸಕ್ಕೆ ಎರಡು ಮೂರು ಪಟ್ಟು ಕೀಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ನಿಯಮ, ಶುಲ್ಕ ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ಮುನ್ನ ಅಲ್ಲಿಯೇ ಮತ್ತೊಮ್ಮೆ ಪರಿಶೀಲಿಸಿ. ವೀಸಾದ ಮುದ್ರಿತ ಪ್ರತಿ ಕೈಯಲ್ಲಿರಲಿ.

ಬೆಂಗಳೂರಿನವರು ದೆಹಲಿಗೆ ಹೋಗಿ ಅಲ್ಲಿಂದ ತಾಷ್ಕೆಂಟ್ ವಿಮಾನ ಹಿಡಿಯುವುದು ಸರಳ ದಾರಿ. ಹಾರಾಟ ಮೂರು ತಾಸಿನ ಆಸುಪಾಸು. ಹೋಗುವ ಕಾಲವನ್ನು ಮಾತ್ರ ಸರಿಯಾಗಿ ಆರಿಸಿಕೊಳ್ಳಿ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಅತ್ಯುತ್ತಮ. ಜೂನ್ 25ರಿಂದ ಆಗಸ್ಟ್ 5ರವರೆಗಿನ ನಲವತ್ತು ದಿನಗಳನ್ನು ಅಲ್ಲಿನವರು 'ಚಿಲ್ಲಾ' ಎನ್ನುತ್ತಾರೆ, ಬಿಸಿಲು 40 ಡಿಗ್ರಿ ದಾಟಿ ಸುಡುತ್ತದೆ. ಜನವರಿಯಲ್ಲಿ ಅದೇ ನೆಲ ಹೆಪ್ಪುಗಟ್ಟುತ್ತದೆ. ಹಣ್ಣಿನ ಆಸೆಯವರು ಸೆಪ್ಟೆಂಬರನ್ನೇ ಹಿಡಿಯಿರಿ. ಕರಬೂಜ, ದ್ರಾಕ್ಷಿ, ಅಂಜೂರ, ದಾಳಿಂಬೆ ರಸ್ತೆಬದಿಯಲ್ಲೇ ರಾಶಿ ಬಿದ್ದಿರುತ್ತವೆ. ಹಿಂದೂಸ್ತಾನವನ್ನು ಗೆದ್ದ ಬಾಬರ್ ಇಲ್ಲಿ ಒಳ್ಳೆಯ ಕರಬೂಜ ಸಿಗುವುದಿಲ್ಲವೆಂದು ತನ್ನ ಆತ್ಮಕಥೆಯಲ್ಲಿ ಗೊಣಗಿಕೊಂಡಿದ್ದಾನೆ. ಅವನು 1483ರಲ್ಲಿ ಹುಟ್ಟಿದ ಅಂದಿಜಾನ್ ಈ ದೇಶದ ಫರ್ಗಾನಾ ಕಣಿವೆಯಲ್ಲಿದೆ. ಅಲ್ಲಿನ ಒಂದು ಹೋಳು ಬಾಯಿಗಿಟ್ಟರೆ ಬಾಬರನ ಗೊಣಗಾಟ ನ್ಯಾಯವೇ ಎನಿಸುತ್ತದೆ!

ನೂರು ಡಾಲರಿಗೆ ಲಕ್ಷಾಧೀಶ

ತಾಷ್ಕೆಂಟ್‌ನಲ್ಲಿ ಇಳಿದ ಕೂಡಲೇ ಇನ್ನೊಂದು ಚಮತ್ಕಾರ. ಒಂದು ಡಾಲರಿಗೆ ಸುಮಾರು 12,000 ಸೋಮ್! ನೂರು ಡಾಲರ್ ಕೊಟ್ಟರೆ ಹನ್ನೆರಡು ಲಕ್ಷದ ಕಟ್ಟು ಕೈಗೆ ಬರುತ್ತದೆ. ಮೊದಮೊದಲು ತಲೆ ಗಿರ್ರೆನ್ನುತ್ತದೆ. ಒಂದು ಪ್ಲೇಟ್ ತಿಂಡಿಗೆ ಮೂವತ್ತು ಸಾವಿರ ಎಂದಾಗ ಎದೆ ಧಸಕ್ಕೆಂದು, ಲೆಕ್ಕ ಹಾಕಿದ ಮೇಲೆ ನಗು ಬರುತ್ತದೆ. 2017ರ ಸೆಪ್ಟೆಂಬರ್‌ವರೆಗೆ ಇಲ್ಲಿ ಸರ್ಕಾರಿ ದರ ಒಂದು, ಕಾಳಸಂತೆಯ ದರ ಒಂದು ಇತ್ತು. ಈಗ ಆ ರಗಳೆ ಇಲ್ಲ, ಬ್ಯಾಂಕಿನಲ್ಲೇ ನ್ಯಾಯದ ದರ. ಡಾಲರ್ ನೋಟುಗಳು ಹೊಸದಾಗಿ, ಮಡಿಕೆ ಬೀಳದೆ, ಗೀಚು ಇಲ್ಲದೆ ಇರಲಿ. ಸ್ವಲ್ಪ ಹರಿದಿದ್ದರೂ ಕೌಂಟರಿನಾಚೆಯಿಂದ ಹಾಗೆಯೇ ವಾಪಸ್ ಬರುತ್ತದೆ. ದೊಡ್ಡ ಹೋಟೆಲು, ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ಸಂತೆಗೆ, ಹಳ್ಳಿಗೆ, ಸಣ್ಣ ಚಹಾದಂಗಡಿಗೆ ನಗದೇ ಗತಿ.

ವಿಮಾನ ನಿಲ್ದಾಣ ಊರಿನೊಳಗೇ ಇದೆ. ಹೊರಗೆ ಬಂದರೆ ಸುತ್ತುವರಿಯುವ ಚಾಲಕರ ಜೊತೆ ಚೌಕಾಸಿ ಬೇಡ. ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಹಾಕಿಸಿಕೊಳ್ಳಿ, ಫೋನಿನಲ್ಲಿ ಯಾಂಡೆಕ್ಸ್ ಗೋ ಆ್ಯಪ್ ಇಳಿಸಿಕೊಳ್ಳಿ. ನಮ್ಮ ಊರಿನ ಕ್ಯಾಬಿನಂತೆಯೇ ಗಾಡಿ ಬರುತ್ತದೆ, ದರ ಮೊದಲೇ ಪರದೆಯ ಮೇಲೆ ಕಾಣುತ್ತದೆ, ಭಾಷೆ ಬಾರದ ಜಗಳ ಹುಟ್ಟುವುದಿಲ್ಲ.

ಆದರೆ ತಾಷ್ಕೆಂಟ್ ನೋಡಬೇಕಾದರೆ ನೆಲದಡಿಗೆ ಇಳಿಯಬೇಕು! 1977ರಲ್ಲಿ ಓಡಲು ಶುರುವಾದ ಇಲ್ಲಿನ ಮೆಟ್ರೋ ಮಧ್ಯ ಏಷ್ಯಾದ ಮೊಟ್ಟಮೊದಲನೆಯದು. ಒಂದು ನಿಲ್ದಾಣದಂತೆ ಇನ್ನೊಂದಿಲ್ಲ. ಅಲಿಶೇರ್ ನವಾಯಿ ನಿಲ್ದಾಣದ ಮಾಳಿಗೆ ಪೂರ್ತಿ ಕೆತ್ತನೆಯ ಗುಮ್ಮಟಗಳು. ಪಖ್ತಾಕೋರ್‌ನಲ್ಲಿ ಗೋಡೆಯುದ್ದಕ್ಕೂ ಹತ್ತಿಯ ಚಿತ್ತಾರ. ಕಾಸ್ಮೊನಾವ್ತ್‌ಲಾರ್ ನಿಲ್ದಾಣಕ್ಕೆ ಬಂದರೆ ಕಾಲು ಕಿತ್ತಿಡಲು ಮನಸ್ಸಾಗುವುದಿಲ್ಲ. ಗಾಢ ನೀಲಿ ಗೋಡೆ, ಆ ನೀಲಿಯಲ್ಲಿ ತೇಲುವಂತೆ ಗಗಾರಿನ್, ತೆರೆಶ್ಕೋವಾ, ಅವರ ಸಾಲಿನಲ್ಲೇ ಹದಿನೈದನೇ ಶತಮಾನದ ದೊರೆ ಉಲುಗ್ ಬೇಗ್. ಅವನಿಗೆ ಗಗನಯಾತ್ರಿಗಳ ನಡುವೆ ಏನು ಕೆಲಸ? ಸಮರ್‌ಕಂಡ್‌ಗೆ ಹೋದಾಗ ಗೊತ್ತಾಗುತ್ತದೆ. 2018ರವರೆಗೆ ಇಲ್ಲಿ ಕ್ಯಾಮೆರಾ ತೆಗೆದರೆ ಪೊಲೀಸರು ಬರುತ್ತಿದ್ದರು. ಈಗ ಎಷ್ಟು ಬೇಕಾದರೂ ಚಿತ್ರ ತೆಗೆಯಿರಿ. ಟಿಕೆಟ್ಟು ನಮ್ಮ ಲೆಕ್ಕದಲ್ಲಿ ಕೆಲವೇ ರೂಪಾಯಿ. ಇಷ್ಟು ಅಗ್ಗದ ಅರಮನೆ ದರ್ಶನ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಇದೇ ಊರಿನಲ್ಲಿ ನಾವು ತಲೆಬಾಗಿ ನಿಲ್ಲಬೇಕಾದ ಒಂದು ಜಾಗವಿದೆ. 1965ರ ಭಾರತ-ಪಾಕಿಸ್ತಾನ ಯುದ್ಧದ ನಂತರ, 1966ರ ಜನವರಿ 10ರಂದು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದರು. ಅಂದೇ ಸರಿರಾತ್ರಿ ದಾಟಿದ ಮೇಲೆ ಶಾಸ್ತ್ರೀಜಿ ಇದೇ ನಗರದಲ್ಲಿ ಕೊನೆಯುಸಿರೆಳೆದರು. ಅವರ ಹೆಸರಿನ ರಸ್ತೆ ಇಲ್ಲಿದೆ, ಎದೆಮಟ್ಟದ ಪ್ರತಿಮೆ ಇದೆ. ಅದೇ ವರ್ಷ ಏಪ್ರಿಲ್ 26ರ ಮುಂಜಾವಿನಲ್ಲಿ ನೆಲ ನಡುಗಿ ಸುಮಾರು 3 ಲಕ್ಷ ಜನ ಮನೆ ಕಳೆದುಕೊಂಡರು. ಇಂದು ಕಾಣುವ ಅಗಲ ರಸ್ತೆ, ಮರಗಳ ಸಾಲು, ಕಾರಂಜಿಗಳ ತಾಷ್ಕೆಂಟ್ ಬಹುಪಾಲು ಆ ಭೂಕಂಪದ ನಂತರ ಕಟ್ಟಿದ ಊರು.

ಮಾಂಸ ತಿನ್ನದವರ ಪಾಡೇನು?

ಕನ್ನಡಿಗರ ಮೊದಲ ಪ್ರಶ್ನೆಯೇ ಇದು. ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಉಜ್ಬೇಕಿಸ್ತಾನ ಕುರಿ, ದನದ ಮಾಂಸದ ನಾಡು. ರಾಷ್ಟ್ರಭೋಜನವಾದ 'ಪ್ಲೋವ್', ಅಂದರೆ ನಮ್ಮ ಪಲಾವಿನ ದೊಡ್ಡಣ್ಣ, ಆಳೆತ್ತರದ ಬಾಣಲೆಗಳಲ್ಲಿ ಮಾಂಸ, ಹಳದಿ ಗಜ್ಜರಿ, ಅಕ್ಕಿ ಪದರಪದರವಾಗಿ ಬೇಯುತ್ತದೆ. ಮಾಂಸ ತಿನ್ನುವವರು ತಾಷ್ಕೆಂಟ್‌ನ ಪ್ಲೋವ್ ಕೇಂದ್ರಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ಮಧ್ಯಾಹ್ನದೊಳಗೇ ಹೋಗಿ, ಆಮೇಲೆ ತಳ ಕಾಣುತ್ತದೆ.

ಸಸ್ಯಾಹಾರಿಗಳಿಗೆ 'ತುಂಡು ತೆಗೆದು ಕೊಡಿ' ಎನ್ನುವ ಉಪಾಯ ಇಲ್ಲಿ ನಡೆಯುವುದಿಲ್ಲ, ಕೊಬ್ಬು ಅಕ್ಕಿಗೇ ಇಳಿದಿರುತ್ತದೆ. ಸೂಪಿನ ನೀರೂ ಮಾಂಸದ್ದೇ. ಕಲಿತುಕೊಳ್ಳಬೇಕಾದ ಮಾತು ಒಂದೇ: 'ಮೆನ್ ಗೋಷ್ಟ್ ಯೆಮಾಯ್ಮನ್', ನಾನು ಮಾಂಸ ತಿನ್ನುವುದಿಲ್ಲ. ಇದನ್ನು ನಗುತ್ತ ಹೇಳಿದರೆ ಎದುರಿನವರಿಗೆ ಮೊದಲು ಅಚ್ಚರಿ, ಆಮೇಲೆ ಕನಿಕರ, ಕೊನೆಗೆ ಮೇಜಿನ ತುಂಬ ತಟ್ಟೆಗಳು! ಟೊಮೆಟೊ ಈರುಳ್ಳಿಯನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿದ 'ಅಚ್ಚಿಚುಕ್', ಕುಂಬಳಕಾಯಿ ತುಂಬಿದ 'ಸೋಮ್ಸಾ', ಗಟ್ಟಿ ಮೊಸರು, ವಾಲ್‌ನಟ್, ಒಣದ್ರಾಕ್ಷಿ, ಬಿಸಿ ರೊಟ್ಟಿ. ಸೋಮ್ಸಾದಲ್ಲಿ ಕುರಿಕೊಬ್ಬು ಸೇರಿದೆಯೇ ಎಂದು ಕೇಳಿಯೇ ಕೊಳ್ಳಿ. ಭಾರತದಿಂದ ವೈದ್ಯಕೀಯ ಓದಲು ಬಂದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಇರುವುದರಿಂದ ತಾಷ್ಕೆಂಟ್, ಸಮರ್‌ಕಂಡ್‌ಗಳಲ್ಲಿ ಭಾರತೀಯ ಹೋಟೆಲುಗಳೂ ಇವೆ. ಆದರೂ ಚೀಲದಲ್ಲಿ ಒಂದಿಷ್ಟು ಚಟ್ನಿಪುಡಿ, ಅವಲಕ್ಕಿ ಇರಲಿ. ಆ ಬಿಸಿ ರೊಟ್ಟಿಗೆ ನಮ್ಮ ಶೇಂಗಾ ಚಟ್ನಿಪುಡಿ ಎಷ್ಟು ಒಪ್ಪುತ್ತದೆ ಎಂಬುದು ಹೋದವರಿಗೇ ಗೊತ್ತು. ನಲ್ಲಿ ನೀರು ಮಾತ್ರ ಬೇಡ, ಬಾಟಲಿ ನೀರೇ ಕುಡಿಯಿರಿ.

ರೊಟ್ಟಿಯ ಮಾತು ಬಂದಿತಲ್ಲ, ಅದನ್ನು ತಿನ್ನುವ ಮುನ್ನ ಮಾಡುವುದನ್ನು ನೋಡಿ. ಇಲ್ಲಿ ಅದಕ್ಕೆ 'ನೋನ್' ಎನ್ನುತ್ತಾರೆ. ಹುದುಗಿದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟುತ್ತಾರೆ, ಅಂಚು ದಪ್ಪ, ನಡುವೆ ತೆಳು. ಹಿಡಿಕೆಗೆ ಸೂಜಿಗಳ ವೃತ್ತ ಕೂರಿಸಿದ 'ಚೆಕಿಚ್' ಎಂಬ ಅಚ್ಚಿನಿಂದ ನಡುವೆ ಟಕ್ ಟಕ್ ಎಂದು ಒತ್ತುತ್ತಾರೆ, ಹೂವಿನಾಕಾರದ ತೂತುಗಳು ಮೂಡುತ್ತವೆ. ಮೇಲೆ ಎಳ್ಳು ಉದುರುತ್ತದೆ. ಆಮೇಲೆ ನೋಡಬೇಕು! ದಪ್ಪ ಬಟ್ಟೆಯ ದುಂಡನೆಯ ದಿಂಬಿನ ಮೇಲೆ ಹಿಟ್ಟನ್ನು ಕವಿಚಿ, ಕೆಂಡ ಉಗುಳುವ ಮಣ್ಣಿನ ತಂದೂರಿನೊಳಗೆ ಆತ ಸೊಂಟದವರೆಗೂ ಬಾಗುತ್ತಾನೆ. ಗೋಡೆಗೆ ರಪ್ಪೆಂದು ಬಡಿದು ಮೇಲೆದ್ದಾಗ ದಿಂಬು ಖಾಲಿ. ನೀರು ಚಿಮುಕಿಸಿದರೆ ಒಳಗಿಂದ ಹಬೆ ಭುಸ್ಸೆನ್ನುತ್ತದೆ. ಕೆಲವೇ ನಿಮಿಷ, ಹೊಂಬಣ್ಣದ ಚಂದ್ರನಂಥ ರೊಟ್ಟಿಗಳು ಒಂದೊಂದಾಗಿ ಹೊರಬೀಳುತ್ತವೆ.

ಈ ರೊಟ್ಟಿಗೆ ಮರ್ಯಾದೆ ಇದೆ. ಚಾಕುವಿನಿಂದ ಕೊಯ್ಯುವುದಿಲ್ಲ, ಕೈಯಲ್ಲಿ ಮುರಿಯುತ್ತಾರೆ. ಕವಿಚಿ ಇಡುವುದಂತೂ ಕೂಡದು. ಮಗ ಸೈನ್ಯಕ್ಕೆ ಹೊರಟರೆ ಒಂದು ತುತ್ತು ಕಚ್ಚಿಸಿ ಉಳಿದ ರೊಟ್ಟಿಯನ್ನು ಮನೆಯಲ್ಲಿ ತೂಗುಹಾಕುತ್ತಾರೆ, ಮರಳಿ ಬಂದ ಮೇಲೆ ಅವನೇ ಅದನ್ನು ಮುಗಿಸಬೇಕು.

ಸಮರ್‌ಕಂಡ್: ಕಣ್ಣು ಸಾಲದು

ತಾಷ್ಕೆಂಟ್‌ನಿಂದ ಸಮರ್‌ಕಂಡ್ 344 ಕಿಲೋಮೀಟರ್. ಸ್ಪೇನ್‌ನಲ್ಲಿ ತಯಾರಾದ 'ಅಫ್ರೋಸಿಯೋಬ್' ರೈಲು 2011ರಿಂದ ಈ ದಾರಿಯಲ್ಲಿ ಓಡುತ್ತಿದೆ, ವೇಗ ತಾಸಿಗೆ 250 ಕಿಲೋಮೀಟರ್‌ವರೆಗೆ. ಎರಡು ತಾಸು ಚಿಲ್ಲರೆಗೆ ಸಮರ್‌ಕಂಡ್! ಬುಖಾರಾಕ್ಕೂ ಇದೇ ರೈಲು, ನಾಲ್ಕು ತಾಸಿನೊಳಗೆ. ಈ ಪ್ರವಾಸದ ಅತಿ ದೊಡ್ಡ ಗುಟ್ಟು ಇಲ್ಲಿದೆ: ಅಫ್ರೋಸಿಯೋಬ್ ಟಿಕೆಟ್ ಹಬ್ಬದ ಮಿಠಾಯಿಯಂತೆ ಮುಗಿದುಹೋಗುತ್ತದೆ. ವಸಂತದಲ್ಲಂತೂ ವಾರಗಳ ಮೊದಲೇ ಖಾಲಿ. ರೈಲ್ವೆಯ ಜಾಲತಾಣದಲ್ಲಿ ಮಾರಾಟ ಶುರುವಾದ ದಿನವೇ ಕೊಂಡುಬಿಡಿ. ತಾಷ್ಕೆಂಟ್‌ನಲ್ಲಿ ಉತ್ತರ, ದಕ್ಷಿಣ ಎಂದು ಎರಡು ನಿಲ್ದಾಣಗಳಿವೆ, ಟಿಕೆಟ್ಟಿನಲ್ಲಿ ಯಾವುದೆಂದು ನೋಡಿಕೊಳ್ಳಿ. ಪಾಸ್‌ಪೋರ್ಟ್ ಇಲ್ಲದೆ ನಿಲ್ದಾಣದ ಗೇಟಿನೊಳಗೇ ಬಿಡುವುದಿಲ್ಲ.

ಇನ್ನು ರೆಗಿಸ್ತಾನ್! ಮೂರು ಕಡೆ ಮೂರು ಮದರಸಾಗಳು ಆಕಾಶಕ್ಕೆ ಎದೆಯೊಡ್ಡಿ ನಿಂತಿವೆ. ಎಡಕ್ಕೆ 1420ರಲ್ಲಿ ಮುಗಿದ ಉಲುಗ್ ಬೇಗ್ ಮದರಸಾ. ಬಲಕ್ಕೆ 1636ರ ಶೇರ್‌ದೋರ್, ಅದರ ನೆತ್ತಿಯ ಮೇಲೆ ಜಿಂಕೆ ಅಟ್ಟುವ ಹುಲಿಗಳು, ಹುಲಿಗಳ ಬೆನ್ನಿನ ಮೇಲೆ ಮನುಷ್ಯ ಮುಖದ ಸೂರ್ಯ. ನಡುವೆ 1660ರ ತಿಲ್ಲಾಕೋರಿ, ಒಳಗೆ ಕಾಲಿಟ್ಟರೆ ನೀಲಿ ಮತ್ತು ಬಂಗಾರ ಬಿಟ್ಟು ಬೇರೆ ಬಣ್ಣವೇ ಇಲ್ಲವೆನ್ನುವಂತೆ ಹೊಳೆಯುವ ಗುಮ್ಮಟ. ನೀಲಿಯಲ್ಲಿ ಇಷ್ಟು ಬಗೆಯಿದೆ ಎಂದು ಯಾರಿಗೆ ಗೊತ್ತಿತ್ತು? ನವಿಲುಗತ್ತಿನ ನೀಲಿ, ಮಧ್ಯಾಹ್ನದ ಬಾನಿನ ನೀಲಿ, ಇರುಳು ಇಳಿಯುವ ಹೊತ್ತಿನ ನೀಲಿ! ಬೆಳಿಗ್ಗೆ ಒಮ್ಮೆ, ದೀಪ ಹತ್ತಿದ ಮೇಲೆ ಇನ್ನೊಮ್ಮೆ ಬನ್ನಿ. ಒಂದೇ ಜಾಗ ಎಂದು ನಂಬಲು ಕಷ್ಟ.

ಬೀದರ್ ನೋಡಿದ ಕನ್ನಡಿಗರಿಗೆ ಇಲ್ಲಿ ಮೈ ಜುಮ್ಮೆನ್ನದೇ ಇರದು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಅಲ್ಲಿ ಕಟ್ಟಿಸಿದ ಮದರಸಾ ಇದೇ ಶೈಲಿಯದು. ಅದೇ ನಾಲ್ಕು ಮಗ್ಗುಲಿನ ಅಂಗಳ, ಅದೇ ಮಿನಾರು, ಅದೇ ಮೆರುಗು ಹೆಂಚಿನ ಚಿತ್ತಾರ. ಬೀದರಿನಲ್ಲಿ ಅರ್ಧ ಕುಸಿದು, ಹೆಂಚು ಉದುರಿ ನಿಂತ ಕನಸು ಪೂರ್ತಿಯಾಗಿದ್ದರೆ ಹೇಗಿರುತ್ತಿತ್ತು ಎಂಬುದಕ್ಕೆ ಉತ್ತರ ಸಮರ್‌ಕಂಡ್‌ನಲ್ಲಿದೆ.

ರೆಗಿಸ್ತಾನ್‌ನಿಂದ ನಡೆದು ಹೋಗುವಷ್ಟೇ ದೂರದಲ್ಲಿ ಬೀಬಿ ಖಾನಂ ಮಸೀದಿ. 1398ರಲ್ಲಿ ದೆಹಲಿಯನ್ನು ಸೂರೆಗೈದು ಮರಳಿದ ತೈಮೂರ್ ಮರುವರ್ಷವೇ ಇದನ್ನು ಕಟ್ಟಿಸತೊಡಗಿದ. ದೆಹಲಿಯಿಂದ ಒಯ್ದ ಶಿಲ್ಪಿಗಳು ಇದಕ್ಕೆ ದುಡಿದರು, ದೆಹಲಿಯಿಂದ ಒಯ್ದ ಆನೆಗಳು ಕಲ್ಲು ಎಳೆದವು. ಆ ವೈಭವದ ಮುಂದೆ ನಿಂತಾಗ ಹೆಮ್ಮೆಯೋ ಸಂಕಟವೋ ತಿಳಿಯುವುದಿಲ್ಲ. ತೈಮೂರ್ ಮಲಗಿರುವುದು ಗೂರ್ ಎ ಅಮೀರ್‌ನಲ್ಲಿ, ಕಡು ಹಸಿರು ಜೇಡ್ ಕಲ್ಲಿನಡಿ. 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೋವ್ ಆ ಗೋರಿ ತೆರೆದ. ಕುಂಟ ತೈಮೂರ ನಿಜಕ್ಕೂ ಕುಂಟನೇ ಎಂದು ಮೂಳೆಗಳು ಹೇಳಿದವು. ಜೂನ್ 22ರಂದು ಹಿಟ್ಲರನ ಸೈನ್ಯ ಸೋವಿಯತ್ ಒಕ್ಕೂಟದೊಳಗೆ ನುಗ್ಗಿತು. ಗೋರಿಯ ಶಾಪ ಎಂದು ಊರವರು ಇಂದಿಗೂ ಪಿಸುಗುಡುತ್ತಾರೆ. ಹುಮಾಯೂನನ ಸಮಾಧಿ, ತಾಜ್ ಮಹಲ್‌ಗಳ ವಂಶವೃಕ್ಷದ ಬೇರು ಕೂಡ ಈ ಗುಮ್ಮಟದಲ್ಲೇ ಇದೆ.

ಈಗ ಆ ಮೆಟ್ರೋ ಒಗಟಿನ ಉತ್ತರ. ಊರಿನಂಚಿನ ದಿಬ್ಬದ ಮೇಲೆ ತೈಮೂರನ ಮೊಮ್ಮಗ ಉಲುಗ್ ಬೇಗ್ 1420ರ ದಶಕದಲ್ಲಿ ವೀಕ್ಷಣಾಲಯ ಕಟ್ಟಿಸಿದ. ದೂರದರ್ಶಕ ಹುಟ್ಟಲು ಇನ್ನೂ ಸುಮಾರು ಎರಡು ಶತಮಾನ ಬಾಕಿ! ಆತ ಮಾಡಿದ್ದೇನೆಂದರೆ, ಬಂಡೆ ಕೊರೆದು ಸುಮಾರು 40 ಮೀಟರ್ ತ್ರಿಜ್ಯದ ಕಮಾನು ಇಳಿಸಿದ. ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದರೆ ಎರಡು ಅಮೃತಶಿಲೆಯ ಹಳಿಗಳು ಕತ್ತಲಿಗೆ ಜಾರಿಹೋಗುತ್ತವೆ, ನಡುವೆ ಮೆಟ್ಟಿಲು, ಅಂಚಿನಲ್ಲಿ ಡಿಗ್ರಿಯ ಗುರುತುಗಳು. ಈ ಹಳಿಯ ಮೇಲೆ ಬಿದ್ದ ಬೆಳಕನ್ನು ಅಳೆದು ಆತ, ಆತನ ಪಂಡಿತರು 1,018 ನಕ್ಷತ್ರಗಳ ಪಟ್ಟಿ ಮಾಡಿದರು. ವರ್ಷದ ಉದ್ದವನ್ನು ಒಂದು ನಿಮಿಷಕ್ಕಿಂತ ಕಡಿಮೆ ತಪ್ಪಿನಲ್ಲಿ ಲೆಕ್ಕ ಹಾಕಿದರು, ಬರಿಗಣ್ಣಿನಲ್ಲಿ! ಜೈಪುರದ ಸವಾಯಿ ಜೈಸಿಂಗ್ ಜಂತರ್ ಮಂತರ್ ಕಟ್ಟಿಸುವಾಗ ಕಣ್ಣ ಮುಂದೆ ಇದ್ದುದು ಇದೇ ಕೋಷ್ಟಕ. 1449ರಲ್ಲಿ ಸ್ವಂತ ಮಗನೇ ಉಲುಗ್ ಬೇಗನ ತಲೆ ತೆಗೆಸಿದ, ವೀಕ್ಷಣಾಲಯ ನೆಲಸಮವಾಯಿತು. 1908ರಲ್ಲಿ ವ್ಯಾತ್ಕಿನ್ ಎಂಬ ಪುರಾತತ್ವಜ್ಞ ಅಗೆದು ತೆಗೆಯುವವರೆಗೂ ಅದು ಮಣ್ಣಿನಡಿ ಮಲಗಿತ್ತು.

ಇದೇ ಉಲುಗ್ ಬೇಗನ ತಂದೆ ಶಾರುಖ್ ಕಳಿಸಿದ ರಾಯಭಾರಿಯೇ ಅಬ್ದುಲ್ ರಜಾಕ್. 1443ರಲ್ಲಿ ಹಂಪಿಗೆ ಬಂದು, ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ಕುಳಿತು, ಮಹಾನವಮಿ ಕಂಡು ಬೆರಗಾಗಿ ಬರೆದವನು. ಆ ಮನೆತನದ ಕಣ್ಣು ನಮ್ಮ ಊರನ್ನು ನೋಡಿ ಆರು ಶತಮಾನಕ್ಕೆ ಸಮೀಪವಾಯಿತು. ನಾವು ಮಾತ್ರ ಅವರ ಊರನ್ನು ಇನ್ನೂ ನೋಡಿಲ್ಲ!

ಬುಖಾರಾ ಮತ್ತು ಖೀವಾ: ಊರೇ ವಸ್ತುಸಂಗ್ರಹಾಲಯ

ಸಮರ್‌ಕಂಡ್ ಕಣ್ಣು ಕುಕ್ಕಿದರೆ ಬುಖಾರಾ ಮೆಲ್ಲಗೆ ಒಳಗಿಳಿಯುತ್ತದೆ. ರೈಲು ನಿಲ್ಲುವುದು ಊರಿನಿಂದಾಚೆ ಕಾಗಾನ್‌ನಲ್ಲಿ, ಅಲ್ಲಿಂದ ಟ್ಯಾಕ್ಸಿ. ಹಳೆ ಊರಿನೊಳಗೇ ಹಿಂದಿನ ಸಾಹುಕಾರರ ಮನೆಗಳು ಪುಟ್ಟ ಹೋಟೆಲುಗಳಾಗಿವೆ, ಅಲ್ಲೇ ಇಳಿದುಕೊಳ್ಳಿ. ಬೇರೆ ವಾಹನ ಬೇಕಾಗುವುದಿಲ್ಲ. 1127ರಲ್ಲಿ ಎದ್ದು ನಿಂತ ಕಲ್ಯಾಣ್ ಮಿನಾರು ಸುಮಾರು 46 ಮೀಟರ್ ಎತ್ತರ. 1220ರಲ್ಲಿ ಊರಿಗೆ ಊರನ್ನೇ ಸುಟ್ಟ ಚೆಂಗಿಸ್ ಖಾನ್ ಇದರ ಮುಂದೆ ತಲೆಯೆತ್ತಿ ನೋಡಿ, ಇದೊಂದನ್ನು ಬಿಡಿ ಎಂದನಂತೆ. ಸಾಮಾನಿ ದೊರೆಗಳ ಸಮಾಧಿ ಇನ್ನೂ ಹಳೆಯದು, ಹತ್ತನೇ ಶತಮಾನದ್ದು. ಬಣ್ಣವಿಲ್ಲ, ಹೆಂಚಿಲ್ಲ, ಬರೀ ಇಟ್ಟಿಗೆ! ಅದೇ ಇಟ್ಟಿಗೆಯನ್ನು ಅಡ್ಡ, ಉದ್ದ, ಓರೆ ಇಟ್ಟು ಬುಟ್ಟಿ ಹೆಣೆದಂತೆ ಗೋಡೆ ಹೆಣೆದಿದ್ದಾರೆ. ಬಿಸಿಲು ಸರಿದಂತೆ ನೆರಳು ಸರಿದು, ಗೋಡೆಯ ಚಿತ್ತಾರವೇ ಬದಲಾಗುತ್ತದೆ.

ಸಂಜೆ ಲ್ಯಾಬಿ ಹೌಜ್ ಕೊಳದ ದಂಡೆಗೆ ಬನ್ನಿ. ಹಳೆಯ ಹಿಪ್ಪುನೇರಳೆ ಮರಗಳು, ಕತ್ತೆಯ ಮೇಲೆ ಕುಳಿತ ಮುಲ್ಲಾ ನಸ್ರುದ್ದೀನನ ಪ್ರತಿಮೆ, ಪಿಂಗಾಣಿ ಕೆಟಲಿನಲ್ಲಿ ಹಸಿರು ಚಹಾ. ಬಟ್ಟಲಿಗೆ ಸುರಿದದ್ದನ್ನು ಮತ್ತೆ ಕೆಟಲಿಗೇ ಹಾಕಿ, ಹೀಗೆ ಮೂರು ಸಲ ಮಾಡಿದ ಮೇಲೆಯೇ ಅತಿಥಿಗೆ ಕೊಡುವುದು. ಅರ್ಧ ಬಟ್ಟಲೇ ಕೊಟ್ಟರು ಎಂದು ಮುನಿಸಿಕೊಳ್ಳಬೇಡಿ! ಕಡಿಮೆ ಸುರಿದಷ್ಟೂ ಮರ್ಯಾದೆ ಹೆಚ್ಚು, ಮತ್ತೆ ಮತ್ತೆ ಬಡಿಸುವ ಭಾಗ್ಯ ನಮಗಿರಲಿ ಎಂದರ್ಥ. ಪಕ್ಕದ ಗುಮ್ಮಟದ ಬಜಾರುಗಳಲ್ಲಿ ಒಂದು ಹಣ ವಿನಿಮಯದವರದು, ಒಂದು ಅಕ್ಕಸಾಲಿಗರದು, ಒಂದು ಟೋಪಿಯವರದು. ಮುಲ್ತಾನಿನಿಂದ ಬಂದ ಹಿಂದೂ ಲೇವಾದೇವಿಗಾರರು ಶತಮಾನಗಳ ಕಾಲ ಈ ಊರಿನಲ್ಲಿ ವ್ಯಾಪಾರ ನಡೆಸಿದ್ದರು.

ಬುಖಾರಾದಿಂದ ಖೀವಾಕ್ಕೆ ಕಿಜಿಲ್‌ಕುಮ್ ಮರುಭೂಮಿ ಹಾದು ಆರೇಳು ತಾಸು. ದಾರಿ ಬೇಸರ, ತಲುಪಿದ ಮೇಲೆ ಸಾರ್ಥಕ! ಮಣ್ಣಿನ ಕೋಟೆಯೊಳಗಿನ ಇಡೀ ಊರು 'ಇಚನ್ ಕಲಾ' 1990ರಲ್ಲೇ ಯುನೆಸ್ಕೋ ಪಟ್ಟಿ ಸೇರಿತು, ಈ ದೇಶದ ಮೊದಲ ತಾಣವಾಗಿ. ಪೂರ್ತಿಯಾಗದೆ ನಿಂತ ಕಲ್ತಾ ಮಿನಾರ್ 29 ಮೀಟರಿಗೇ ಮೊಟಕಾಗಿದೆ, ಆದರೆ ಬುಡದಿಂದ ತುದಿಯವರೆಗೆ ಹಸಿರು ನೀಲಿ ಹೆಂಚು. ಜುಮಾ ಮಸೀದಿಯ ಮಬ್ಬಿನಲ್ಲಿ ಇನ್ನೂರಕ್ಕೂ ಹೆಚ್ಚು ಮರದ ಕಂಬಗಳು, ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಕೋಟೆಯಾಚೆ ಕುಳಿತಿರುವ ಪ್ರತಿಮೆ ಅಲ್ ಖ್ವಾರಿಜ್ಮಿಯದು. ನಮ್ಮ ಸೊನ್ನೆ ಸಹಿತದ ಅಂಕಿಗಳ ಲೆಕ್ಕವನ್ನು ಗ್ರಂಥವಾಗಿ ಬರೆದು ಪಶ್ಚಿಮಕ್ಕೆ ದಾಟಿಸಿದವನು ಈ ಖ್ವಾರಿಜ್ಮ್ ನೆಲದವನು. ಭಾರತದ ಬಗ್ಗೆ ಮಹಾಗ್ರಂಥ ಬರೆದ ಅಲ್ ಬಿರೂನಿಯೂ ಇದೇ ನೆಲದವನೇ!

ಸಮಯ ಉಳಿದಿದ್ದರೆ ಫರ್ಗಾನಾ ಕಣಿವೆಗೆ ಹೋಗಿ ಮರ್ಗಿಲಾನ್‌ನ ರೇಷ್ಮೆ ಮಗ್ಗ, ರಿಷ್ತಾನ್‌ನ ನೀಲಿ ಕುಂಬಾರಿಕೆ ನೋಡಿ. ಗಟ್ಟಿ ಮನಸ್ಸಿನವರು ಪಶ್ಚಿಮದ ಮೊಯ್ನಾಕ್‌ಗೆ ಹೋಗಿ. ಹತ್ತಿ ಬೆಳೆಯಲು ನದಿಗಳನ್ನು ತಿರುಗಿಸಿ ಅರಲ್ ಸಮುದ್ರವನ್ನೇ ಬತ್ತಿಸಿದ ಮೇಲೆ, ಮೀನುಗಾರಿಕೆ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ನೀರು ಕಾಣಬೇಕಾದರೆ ಜೀಪಿನಲ್ಲಿ ತಾಸುಗಟ್ಟಲೆ ಹೋಗಬೇಕು.

ಮರೆಯಬಾರದ ಮಾತುಗಳು

ವಿದೇಶಿಯರು ಬಂದ ಮೂರು ದಿನದೊಳಗೆ ನೋಂದಣಿ ಆಗಬೇಕು. ಹೋಟೆಲಿನವರೇ ಮಾಡುತ್ತಾರೆ, ಚೀಟಿ ಕೇಳಿ ಪಡೆದು ಇಟ್ಟುಕೊಳ್ಳಿ. ಸ್ನೇಹಿತರ ಮನೆಯಲ್ಲಿ ಉಳಿದರೆ ನೋಂದಣಿಯ ಹೊಣೆ ನಿಮ್ಮದೇ. ಡ್ರೋನ್ ಒಯ್ಯಬೇಡಿ, ನಿಷೇಧವಿದೆ. ನಿದ್ರೆಯ, ಕಡು ನೋವಿನ ಮಾತ್ರೆಗಳಿಗೆ ಕಟ್ಟುನಿಟ್ಟು, ವೈದ್ಯರ ಚೀಟಿಯಿಲ್ಲದೆ ಪೆಟ್ಟಿಗೆಗೆ ಸೇರಿಸಬೇಡಿ. 50 ವರ್ಷಕ್ಕಿಂತ ಹಳೆಯ ಕಂಬಳಿ, ಕಸೂತಿ, ಪಾತ್ರೆ ಕೊಂಡರೆ ಅನುಮತಿಯಿಲ್ಲದೆ ದೇಶದಾಚೆ ತರುವಂತಿಲ್ಲ. ಮಸೀದಿ, ಗೋರಿಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ, ಹೆಂಗಸರ ಬಳಿ ಒಂದು ದುಪಟ್ಟಾ ಇರಲಿ. ಕಜಕಿಸ್ತಾನಕ್ಕೆ ಭಾರತೀಯರು 14 ದಿನ ವೀಸಾ ಇಲ್ಲದೆ ಹೋಗಬಹುದು, ತಾಷ್ಕೆಂಟ್‌ನಿಂದ ಗಡಿ ಬಹಳ ಹತ್ತಿರ. ಆದರೆ ಒಂದೇ ಪ್ರವೇಶದ ವೀಸಾದಲ್ಲಿ ಆಚೆ ಹೋದರೆ ಮತ್ತೆ ಒಳಗೆ ಬರಲಾಗದು.

ಭಾಷೆಯ ಭಯ ಬೇಡ. ಉಜ್ಬೇಕ್, ರಷ್ಯನ್ ಬಿಟ್ಟರೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ 'ಹಿಂದಿಸ್ತಾನ್' ಎಂದರೆ ಸಾಕು, ಮುಖ ಅರಳುತ್ತದೆ! ಸೋವಿಯತ್ ಕಾಲದಲ್ಲಿ ರಾಜ್ ಕಪೂರ್, ಆಮೇಲೆ ಮಿಥುನ್ ಚಕ್ರವರ್ತಿ ಇಲ್ಲಿ ಮನೆಮಾತಾದವರು. ಎದೆಯ ಮೇಲೆ ಕೈಯಿಟ್ಟು 'ಅಸ್ಸಲೋಮು ಅಲೈಕುಂ', ಧನ್ಯವಾದ ಹೇಳಲು 'ರಹ್ಮತ್'. ಇವೆರಡರಲ್ಲೇ ಅರ್ಧ ಪ್ರವಾಸ ಮುಗಿಯುತ್ತದೆ.

ಎಂಟು ಹತ್ತು ದಿನ ರಜೆ ಇದ್ದರೆ ಸಾಕು. ತಾಷ್ಕೆಂಟ್, ಸಮರ್‌ಕಂಡ್, ಬುಖಾರಾ ತಲಾ ಎರಡು ದಿನ, ಖೀವಾ ಒಂದೂವರೆ. ಅಲ್ಲಿಂದ ಪಕ್ಕದ ಉರ್ಗೆಂಚ್‌ನಲ್ಲಿ ದೇಶೀಯ ವಿಮಾನ ಹತ್ತಿ ತಾಷ್ಕೆಂಟ್‌ಗೆ ಮರಳಿದರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಿಲ್ಲ. ಮೊದಲು ತಿಂಗಳು ಗೊತ್ತುಮಾಡಿ, ಆಮೇಲೆ ವಿಮಾನ, ಟಿಕೆಟ್ ಮಾರಾಟ ಶುರುವಾದ ದಿನವೇ ರೈಲು, ಕೊನೆಗೆ ಹೋಟೆಲು. ಪ್ರವಾಸಿಗರ ಗುಂಪು ವರ್ಷ ವರ್ಷ ಹೆಚ್ಚುತ್ತಿದೆ, ನೂಕುನುಗ್ಗಲಾಗುವ ಮುನ್ನ ಹೋಗಿಬರುವುದು ಜಾಣತನ. ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿದೆಯೇ ಎಂದು ಇವತ್ತೇ ತೆಗೆದು ನೋಡಿ.